ತರಿ ಇದ್ದರೆ ಗಂಜಿಗೆ ಎಷ್ಟು ಹೊತ್ತು?

(ಕಕ್ಕಡ ತಿಂಗಳಲ್ಲಿ, ಅಂದರೆ ಕೊಡಗಿನ ಜೋರು ಮಳೆಗಾಲದಲ್ಲಿ, ಮಡಿಕೇರಿ ಹತ್ತಿರದ ಊರೊಂದರ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬಂದಿದ್ದೀರಿ, ಅದೇ ದೊಡ್ಡದು. ಕರೆಂಟ್ ಇಲ್ಲ, ಮೈಕ್ ಇಲ್ಲ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಶೀಟಿನ ಮೇಲೆ ಬೀಳುವ ಮಳೆಯ ಜೊತೆ ಪೈಪೋಟಿ ಮಾಡುವ ಗಂಟಲು ನನ್ನದಲ್ಲ.

ಅಧ್ಯಕ್ಷರು ನನಗೆ ಕೊಟ್ಟ ವಿಷಯ ಪೌಷ್ಟಿಕ ಆಹಾರ. ನಾನು ಗಂಜಿ ಬಗ್ಗೆ ಮಾತಾಡುತ್ತೇನೆ ಅಂದೆ. ಅವರ ಮುಖ ಸಣ್ಣದಾಯಿತು. "ಯಾಕಕ್ಕಾ, ಜ್ವರ ಬಂದವರಿಗಾ?" ಅಂದರು. ಅಲ್ಲ, ಜ್ವರ ಇಲ್ಲದವರಿಗೆ. ಬೆಳಿಗ್ಗೆ ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ತಾವೂ ಕೆಲಸಕ್ಕೆ ಓಡುವವರಿಗೆ. ನಮಗೆ ಗಂಜಿ ಅಂದರೆ ಒಂದು ಕಾಯಿಲೆಯ ನೆನಪು, ಇನ್ನೊಂದು ಗಂಜಿ ಕೇಂದ್ರದ ನೆನಪು. 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತವನ್ನು ಇಲ್ಲಿ ಯಾರೂ ಮರೆತಿಲ್ಲ. ಜೋಡುಪಾಲ, ಮಕ್ಕಂದೂರು ಕಡೆಯ ನೆಂಟರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಹಾಗಾಗಿ ಗಂಜಿ ಅಂದ ಕೂಡಲೇ ಮನಸ್ಸು ಹಿಂಡುತ್ತದೆ. ಅದು ನನಗೆ ಅರ್ಥ ಆಗುತ್ತದೆ. ಆದರೆ ಅದಕ್ಕಾಗಿ ಗಂಜಿಯನ್ನೇ ಮನೆಯಿಂದ ಹೊರಗೆ ಹಾಕಬೇಕಾ?

ಹೊರಗೆ ಹಾಕಿ ಏನು ತರುತ್ತಿದ್ದೇವೆ? ಓಟ್ಸ್ ಪೊಟ್ಟಣ. ನನಗೆ ಓಟ್ಸ್ ಮೇಲೆ ಏನೂ ಸಿಟ್ಟಿಲ್ಲ, ಒಳ್ಳೆಯ ಧಾನ್ಯವೇ. ಸಿಟ್ಟು ಇರುವುದು ಆ ಮಸಾಲೆ ಓಟ್ಸಿನ ಸಣ್ಣ ಪೊಟ್ಟಣದ ಮೇಲೆ. ಒಳಗೆ ಇರುವುದು ಸುಮಾರು 40 ಗ್ರಾಂ. ಬೆಳೆಯುವ ಹುಡುಗನಿಗೆ ಅದು ಎಲ್ಲಿಗೆ ಸಾಕು? ಎರಡು ತಿನ್ನುತ್ತಾನೆ, ಆಮೇಲೆ ಬಿಸ್ಕತ್ತು ಹುಡುಕುತ್ತಾನೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಬೇಗ ಆಗುತ್ತೆ ಅಲ್ವಾ?"

ಬೇಗ ಯಾಕೆ ಆಗುತ್ತದೆ, ಅದನ್ನು ಕೇಳಿ. ಕಂಪನಿಯವರು ಕಾಳನ್ನು ಹಬೆಯಲ್ಲಿ ಹದ ಮಾಡಿ ಚಪ್ಪಟೆ ಒತ್ತಿರುತ್ತಾರೆ. ನಮ್ಮ ಅವಲಕ್ಕಿಗೂ ಹೆಚ್ಚು ಕಡಿಮೆ ಇದೇ ಕೆಲಸ. ಕಾಳು ತೆಳ್ಳಗಾದರೆ, ಇಲ್ಲ ಒಡೆದರೆ, ನೀರು ಬೇಗ ಒಳಗೆ ಹೋಗುತ್ತದೆ, ಬೇಗ ಬೇಯುತ್ತದೆ. ಹೊತ್ತು ಉಳಿಸುವುದು ಪೊಟ್ಟಣ ಅಲ್ಲ, ಒಡೆದ ಕಾಳು. ಒಡೆದ ಕಾಳು ಕೊಡಗಿನಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ? ಹಬೆಯಲ್ಲಿ ಬೇಯಿಸುವ ಪಾಪುಟ್ಟಿಗೆ, ಕಡಂಬುಟ್ಟಿಗೆ ಅಂತ ಅಕ್ಕಿಯನ್ನು ತರಿ ಒಡೆದು ಡಬ್ಬಿ ತುಂಬಿ ಇಟ್ಟಿರುತ್ತೀರಿ. ನೆಂಟರು ಬಂದರೆ ಮಾತ್ರ ಆ ಡಬ್ಬಿಯ ಮುಚ್ಚಳ ತೆಗೆಯುತ್ತೀರಿ. ಅದೇ ನಿಮ್ಮ ಇನ್‌ಸ್ಟಂಟ್ ಗಂಜಿ.

ಲೆಕ್ಕ ಸುಲಭ. ಒಂದು ಲೋಟ ತರಿಗೆ ಎಂಟು ಲೋಟ ನೀರು. ನೀರು ಕುದಿಯುವಾಗ ತೊಳೆದ ತರಿ ಹಾಕಿ, ತಳ ಹಿಡಿಯದ ಹಾಗೆ ಆಗಾಗ ಕೈಯಾಡಿಸಿ. ಹತ್ತು ಹನ್ನೆರಡು ನಿಮಿಷ. ಉಪ್ಪು ಕೊನೆಗೆ. ಆರುತ್ತಾ ಗಟ್ಟಿಯಾಗುತ್ತದೆ, ಅದಕ್ಕೆ ಇಳಿಸುವಾಗ ಸ್ವಲ್ಪ ನೀರಾಗಿಯೇ ಇರಲಿ. ನಾಲ್ಕು ಜನರಿಗೆ ಆಯಿತು. ಒಂದು ಹಿಡಿ ಹೆಸರುಬೇಳೆ ಹುರಿದು ಜೊತೆಗೆ ಹಾಕಿದರೆ ಮಧ್ಯಾಹ್ನದವರೆಗೆ ಹೊಟ್ಟೆ ನಿಲ್ಲುತ್ತದೆ. ಬೇಳೆ ಹಾಕಿದ ದಿನ ಕುಕ್ಕರ್ ಇಡಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಒಂದು ಚಮಚ ತುಪ್ಪ ಇಲ್ಲ ಎಣ್ಣೆ ಬಿಡಿ. ಇಲ್ಲದಿದ್ದರೆ ಗಂಜಿ ಸೀಟಿಯಲ್ಲಿ ಹಾರಿ ಗೋಡೆಗೆ ಸುಣ್ಣ ಬಳಿಯುತ್ತದೆ.

ತರಿ ಮುಗಿದಿದ್ದರೆ? ಪಡಿತರ ಅಕ್ಕಿ ಸಾಕು. ತೊಳೆದು ಬಿಸಿಲಿಗೆ ಹರಡಿ ಅಂತ ಪುಸ್ತಕದವರು ಹೇಳುತ್ತಾರೆ. ಕಕ್ಕಡದಲ್ಲಿ ಬಿಸಿಲು! ಬಾಣಲೆಯಲ್ಲಿ ಬೆಚ್ಚಗೆ ಹುರಿಯಿರಿ, ಆರಿದ ಮೇಲೆ ಮಿಕ್ಸಿಯಲ್ಲಿ ಎರಡು ಸುತ್ತು. ಹಿಟ್ಟು ಮಾಡಬೇಡಿ. ಕರೆಂಟ್ ಇರುವ ದಿನವೇ ತಿಂಗಳಿಗೆ ಆಗುವಷ್ಟು ಒಡೆದಿಡಿ. ಮಿಲ್ಲಿನಲ್ಲಿ ನುಚ್ಚು ಸಿಕ್ಕಿದರೆ ಇನ್ನೂ ಒಳ್ಳೆಯದು, ಇಡೀ ಅಕ್ಕಿಗಿಂತ ಕಡಿಮೆ ದುಡ್ಡು.

ಈಗ ಒಂದು ಕಥೆ ಹೇಳಲೇಬೇಕು. ಕೆಲವರು ಮೊದಲೇ ಕೇಳಿದ್ದೀರಿ, ಇನ್ನೊಂದು ಸಲ ನಗಿ. ನಮ್ಮ ಪಕ್ಕದ ತೋಟಕ್ಕೆ ಕಾಫಿ ಕುಯ್ಲಿಗೆ ಪಿರಿಯಾಪಟ್ಟಣದ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ತೋಟದ ಆಳುಗಳ ಲೈನ್ ಮನೆಯಲ್ಲಿ ವಾಸ. ಚಳಿಗಾಲದ ಬೆಳಿಗ್ಗೆ ಬೇರೆಯವರೆಲ್ಲ ಇಬ್ಬನಿಗೆ ನೆಂದ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದರು. ಇವಳು ಮಾತ್ರ ತಲೆ ಬಾಚಿ, ಕುಂಕುಮ ಇಟ್ಟು, ಫ್ಲಾಸ್ಕ್ ಹಿಡಿದು ಎಲ್ಲರಿಗಿಂತ ಮೊದಲು ಹಾಜರಿ. ಆ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಒಂದು ಅಭ್ಯಾಸ. ಯಾರ ಫ್ಲಾಸ್ಕ್ ಕಂಡರೂ "ಒಂದು ಗುಟುಕು ಕೊಡಮ್ಮಾ" ಅನ್ನುವುದು. ತನ್ನ ಮನೆಯ ಕಾಫಿ ಪುಡಿ ಉಳಿಸುವ ಆಸಾಮಿ. ಒಂದು ದಿನ ಇವಳ ಹತ್ತಿರವೂ ಕೈ ಚಾಚಿದರು. ಅವಳು ಮಾತಾಡದೆ ಮುಚ್ಚಳಕ್ಕೆ ಬಗ್ಗಿಸಿದಳು. ಬೆಳ್ಳಗೆ, ದಪ್ಪಗೆ ಬಿತ್ತು. "ಏನಮ್ಮಾ, ಟೀಗೆ ಇಷ್ಟೊಂದು ಹಾಲಾ?" "ಟೀ ಅಲ್ಲ ಸಾರ್, ಗಂಜಿ. ಕೇಳಿದ್ದೀರಿ, ಈಗ ಬೇಡ ಅನ್ಬೇಡಿ." ಸುತ್ತ ಆಳುಗಳೆಲ್ಲ ನೋಡುತ್ತಿದ್ದಾರೆ. ಪಾಪ, ಕುಡಿದರು. ಪೂರ್ತಿ ಕುಡಿದು, ಮುಚ್ಚಳ ವಾಪಸ್ ಕೊಡುವಾಗ ಮೆಲ್ಲಗೆ ಕೇಳಿದರಂತೆ: "ಉಪ್ಪಿನಕಾಯಿ ಇಲ್ವಾ?"

ನಾನು ಅವಳನ್ನೇ ಕೂರಿಸಿಕೊಂಡು ಕೇಳಿದೆ. ರಾತ್ರಿ ಒಲೆ ಆರಿಸುವ ಮೊದಲು ಫ್ಲಾಸ್ಕಿಗೆ ಕುದಿನೀರು ತುಂಬಿ ಬಿಸಿ ಮಾಡಿ ಚೆಲ್ಲುತ್ತಾಳೆ. ಒಂದು ಹಿಡಿ ನುಚ್ಚನ್ನು ಜಾಸ್ತಿ ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿ, ಕುದಿಯುತ್ತಿರುವಾಗಲೇ ಸುರಿದು ಬಿರಡೆ ಹಾಕುತ್ತಾಳೆ. ಅಷ್ಟೇ. ಉಳಿದದ್ದು ಫ್ಲಾಸ್ಕಿನ ಕೆಲಸ. ನೋಡಿ, ಇಲ್ಲೂ ಅದೇ ಒಡೆದ ಕಾಳು. ಇಡೀ ಅಕ್ಕಿಗೆ ಇನ್ನೂ ಹೊತ್ತು ಬೇಕು. ನೀವು ಮಾಡುವುದಾದರೆ ಬಾಯಿ ಅಗಲ ಇರುವ ಫ್ಲಾಸ್ಕ್ ತೆಗೆದುಕೊಳ್ಳಿ, ಇಲ್ಲದಿದ್ದರೆ ತೊಳೆಯುವಾಗ ನನ್ನನ್ನು ಬೈಯುತ್ತೀರಿ. ಬೆಳಿಗ್ಗೆ ತೆಗೆದಾಗ ಸುಡುವಷ್ಟು ಬಿಸಿ ಇರಬೇಕು. ಬರೀ ಉಗುರುಬೆಚ್ಚಗೆ ಇದ್ದರೆ ಚೆಲ್ಲಿಬಿಡಿ. ಅನ್ನ ಹಾಗೆ ರಾತ್ರಿಯಿಡೀ ಕೂತರೆ ಅದರಲ್ಲಿ ವಿಷ ಹುಟ್ಟಿ ಹೊಟ್ಟೆ ಕೆಡುತ್ತದೆ. ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಮಕ್ಕಳಿಗಂತೂ ಕೊಡಲೇಬೇಡಿ.

ನೆಂಚಿಕೊಳ್ಳಲು ಏನು ಅಂತ ನಿಮಗೆ ನಾನು ಹೇಳಬೇಕಾ? ಸುಟ್ಟ ಒಣಮೀನು, ಸೂಜಿಮೆಣಸು ಹಾಕಿದ ಕಾಯಿ ಚಟ್ನಿ, ಎಳೆ ಬಿದಿರಿನ ಕಣಿಲೆ ಪಲ್ಯ. ಚಟ್ನಿಗೆ ಎರಡು ತೊಟ್ಟು ಕಾಚಂಪುಳಿ, ನಮ್ಮ ಕಪ್ಪು ಹುಳಿ. ಬಾಯಲ್ಲಿ ನೀರು ಬರುತ್ತಿದೆ, ಮುಂದೆ ಹೋಗೋಣ.

ಹೌದಾ ಅಧ್ಯಕ್ಷರೇ, ಇನ್ನು ಹತ್ತೇ ನಿಮಿಷನಾ? ಸರಿ. ರಾಗಿ ಬೇಗ ಹೇಳುತ್ತೇನೆ. ರಾಗಿ ತಿನ್ನುವ ಶನಿವಾರಸಂತೆ ಕಡೆಯವರಿಗೆ ಹೇಳಬೇಕಾಗಿಲ್ಲ, ನಮ್ಮಂಥ ಅಕ್ಕಿಯವರಿಗೆ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಒಂದು ಲೋಟಕ್ಕೆ ಎರಡು ಚಮಚ ಹಿಟ್ಟು. ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಕುದಿನೀರಿಗೆ ಹಾಕಿ. ನೇರ ಹಾಕಿದರೆ ಗಂಟು ಗ್ಯಾರಂಟಿ. ಐದಾರು ನಿಮಿಷ ಬೇಯಲಿ, ಮಜ್ಜಿಗೆ, ಉಪ್ಪು, ಈರುಳ್ಳಿ. ಇನ್ನೊಂದು ಮಾತು, ಕೊಡಗಿನಲ್ಲಿ ನಿಂತು ಹೇಳಲು ಧೈರ್ಯ ಬೇಕು: ಗಂಜಿ ಕುಡಿದ ಕೂಡಲೇ ಕಾಫಿ ಕುಡಿಯಬೇಡಿ. ಊಟದ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬೈಯಬೇಡಿ.

ಗಂಜಿ ಬಡವರದ್ದು ಅನ್ನುವವರಿಗೆ ಒಂದೇ ಪ್ರಶ್ನೆ. ಕಕ್ಕಡ 18ಕ್ಕೆ ಮದ್ದುಸೊಪ್ಪು ಕುದಿಸಿ, ಆ ಕಪ್ಪು ನೇರಳೆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಮಾಡುವ ಪಾಯಸ ಏನು, ಅದೂ ಗಂಜಿಯೇ ಅಲ್ವಾ? ದೊಡ್ಡ ಮನೆ, ಸಣ್ಣ ಮನೆ, ಎಲ್ಲರೂ ತಿನ್ನುತ್ತೀರಿ. ಮಾರನೇ ದಿನ ಬಚ್ಚಲಲ್ಲಿ ಮೂತ್ರದ ಕೆಂಪು ಬಣ್ಣ ನೋಡಿ ಹೊಸ ಸೊಸೆಯಂದಿರು ಹೆದರುವುದೂ ಎಲ್ಲ ಮನೆಯಲ್ಲೂ ಒಂದೇ.

ಸಕ್ಕರೆ ಕಾಯಿಲೆ ಬಗ್ಗೆ ಚೀಟಿ ಬಂದಿದೆ. ಬರೀ ಅಕ್ಕಿ ಗಂಜಿ ಲೋಟಗಟ್ಟಲೆ ಕುಡಿದರೆ ಸಕ್ಕರೆ ಏರುತ್ತದೆ. ಒಡೆದ ಕಾಳು ಬೇಗ ಬೇಯುತ್ತದೆ, ಹಾಗೇ ಬೇಗ ಜೀರ್ಣವೂ ಆಗುತ್ತದೆ. ತರಿ ಅರ್ಧ ಮಾಡಿ, ಹೆಸರುಕಾಳು, ಸೊಪ್ಪು ಜಾಸ್ತಿ ಮಾಡಿ, ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಮಗುವಿಗೆ ಮೊದಲ ಗಂಜಿ ಆರು ತಿಂಗಳು ತುಂಬಿದ ಮೇಲೆ. ಉಳಿದದ್ದನ್ನು ಅಂಗನವಾಡಿ ಅಕ್ಕ ಇಲ್ಲೇ ಇದ್ದಾರೆ, ಅವರು ಹೇಳುತ್ತಾರೆ. ಹಿಂದಿನ ಅಡುಗೆಮನೆಯಲ್ಲಿ ತರಿ ಗಂಜಿ ಇಟ್ಟಿದ್ದೇವೆ, ಲೋಟ ಕಡಿಮೆ ಇದೆ, ಕುಡಿದವರು ತೊಳೆದು ಮುಂದಿನವರಿಗೆ ಕೊಡಿ.