ಯಾತ್ರಿಕರ ಹಳೆಯ ಛತ್ರಗಳಲ್ಲಿ

ಕೇಳುಗರಿಗೆ ನಮಸ್ಕಾರ.

ಸ್ಪೇನ್ ದೇಶದ ವಾಯವ್ಯ ಮೂಲೆಯ ಸಾಂತಿಯಾಗೊ ಪಟ್ಟಣದಲ್ಲಿರುವ ಸಂತ ಯಾಕೋಬನ ಸಮಾಧಿಯ ದರ್ಶನಕ್ಕೆಂದು ಫ್ರಾನ್ಸಿನ ಗಡಿಯಿಂದ ಸುಮಾರು 780 ಕಿಲೋಮೀಟರ್ ನಡೆದು ಹೋಗುವವರಲ್ಲಿ ಹೆಚ್ಚಿನವರು ರಾತ್ರಿ ತಂಗುವುದು ‘ಆಲ್ಬೆರ್ಗೆ’ ಎಂಬ ಅಗ್ಗದ ವಸತಿಗಳಲ್ಲಿ. ಅಲ್ಲಿ ಮಂಚದ ಮೇಲೊಂದು ಮಂಚ, ಬಾಗಿಲ ಬಳಿ ಕೆಸರು ಮೆತ್ತಿದ ಬೂಟುಗಳ ಸಾಲು. ಇದೇ ದಾರಿಯಲ್ಲಿ ‘ಪರಾದೋರ್’ ಎಂಬ ಐಷಾರಾಮಿ ಹೋಟೆಲುಗಳೂ ಇವೆ. ಸರ್ಕಾರದ ಒಡೆತನದ ಈ ಸರಣಿಯ ಮೊದಲನೆಯ ಹೋಟೆಲು 1928ರಲ್ಲಿ ಗ್ರೆದೋಸ್ ಬೆಟ್ಟಗಳಲ್ಲಿ ಆರಂಭವಾಯಿತು. ಹಲವು ಕೋಟೆ, ಮಠ, ಅರಮನೆಗಳು ಪಾಳುಬೀಳದೆ ಉಳಿದದ್ದು ಈ ಸರಣಿಯಿಂದಲೇ.

ಯಾತ್ರೆಗೆ ಹೊರಟವರಿಗೆ ಇಂಥ ಸುಖ ತರವೇ ಎಂದು ಕೇಳುವವರುಂಟು. ಒಂದೆರಡು ರಾತ್ರಿಯ ಮಟ್ಟಿಗೆ ಖಂಡಿತ ತರವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಇವುಗಳಲ್ಲಿ ಕೆಲವು ಮೂಲತಃ ಯಾತ್ರಿಕರ ಛತ್ರಗಳೇ.

ಸಾಂತೊ ದೊಮಿಂಗೊ ದೆ ಲಾ ಕಾಲ್ಸಾದಾ ಎಂಬ ಊರನ್ನೇ ನೋಡಿ. 1109ರಲ್ಲಿ ತೀರಿಕೊಂಡ ದೊಮಿಂಗೊ ಎಂಬ ಸಂತ ಯಾತ್ರಿಕರಿಗಾಗಿ ಇಲ್ಲಿ ರಸ್ತೆ ಮಾಡಿಸಿದ, ಓಹಾ ನದಿಗೆ ಸೇತುವೆ ಹಾಕಿಸಿದ, ದಣಿದವರಿಗೂ ರೋಗಿಗಳಿಗೂ ಆಸರೆ ಕಟ್ಟಿಸಿದ. ಆ ಆಸರೆಯೇ ಇಂದು ಪರಾದೋರ್. ಅದರ ಕಲ್ಲಿನ ಕಮಾನುಗಳ ಕೆಳಗೆ ಈಗ ಅತಿಥಿಗಳು ಕುಳಿತು ಮಾತನಾಡುತ್ತಾರೆ. ಎದುರಿನ ಕೆಥೆಡ್ರಲ್‌ನೊಳಗೆ, ಗೋಡೆಯ ಎತ್ತರದ ಗೂಡಿನಲ್ಲಿ, ಜೀವಂತ ಹುಂಜವನ್ನೂ ಹೇಂಟೆಯನ್ನೂ ಸಾಕಿದ್ದಾರೆ. ಕಳ್ಳತನದ ಸುಳ್ಳು ಆರೋಪಕ್ಕೆ ನೇಣುಬಿದ್ದ ಯುವ ಯಾತ್ರಿಕನೊಬ್ಬ ಬದುಕಿಯೇ ಇದ್ದಾನೆಂದು ತಂದೆತಾಯಿ ಹೇಳಿದಾಗ ನ್ಯಾಯಾಧೀಶನು ನಂಬಲಿಲ್ಲವಂತೆ; ಆಗ ಅವನ ತಟ್ಟೆಯಲ್ಲಿದ್ದ ಹುರಿದ ಕೋಳಿ ಎದ್ದು ಕೂಗಿತೆಂಬುದು ಅಲ್ಲಿನ ಐತಿಹ್ಯ.

ಲಿಯೋನ್ ನಗರದ ಸಾನ್ ಮಾರ್ಕೋಸ್ ಎಂಬ ಪರಾದೋರ್ ಇನ್ನೂ ವೈಭವದ್ದು. ಯಾತ್ರೆಯ ಗುರುತಾದ ಕಪ್ಪೆಚಿಪ್ಪುಗಳನ್ನು ಅಲ್ಲಿನ ಚರ್ಚಿನ ಗೋಡೆಯ ತುಂಬ ಕೆತ್ತಿದ್ದಾರೆ. ಎದುರಿನ ಚೌಕದಲ್ಲಿ, ಪಾದರಕ್ಷೆ ಕಳಚಿಟ್ಟು ಮೇಲೆ ನೋಡುತ್ತ ಕುಳಿತ ಯಾತ್ರಿಕನ ಕಂಚಿನ ಪ್ರತಿಮೆಯಿದೆ. ಸ್ಪೇನಿನ ಅಂತರ್ಯುದ್ಧದಲ್ಲಿ ಇದೇ ಕಟ್ಟಡ ಸಾವಿರಾರು ಜನರ ಸೆರೆಮನೆಯಾಗಿತ್ತು ಎಂಬುದನ್ನು ಮರೆಮಾಚಬಾರದು.

ಕೊನೆಯದು ಸಾಂತಿಯಾಗೊದಲ್ಲಿ, ಕೆಥೆಡ್ರಲ್‌ನ ಮುಂದಿನ ಚೌಕದಲ್ಲೇ ಇದೆ. ಸ್ಪೇನಿನ ರಾಜದಂಪತಿ ಫರ್ಡಿನಾಂಡ್ ಮತ್ತು ಇಸಬೆಲ್ಲಾ ಯಾತ್ರಿಕರಿಗಾಗಿ ಕಟ್ಟಿಸಿದ ಈ ಆಸ್ಪತ್ರೆ 1954ರಲ್ಲಿ ಹೋಟೆಲಾಯಿತು. ಅದರ ನಾಲ್ಕು ಒಳಾಂಗಣಗಳಿಗೆ ಬೈಬಲಿನಲ್ಲಿ ಯೇಸುವಿನ ಚರಿತ್ರೆ ಬರೆದ ನಾಲ್ವರು ಸುವಾರ್ತಾಕಾರರ ಹೆಸರುಗಳಿವೆ. ಕೋಣೆಯ ಬಾಡಿಗೆ ಎಲ್ಲರ ಕೈಗೆಟುಕುವಂಥದ್ದಲ್ಲ. ಆದರೂ ನಡೆದು ಬಂದವರಲ್ಲಿ ಹತ್ತು ಮಂದಿಗೆ ಉಚಿತವಾಗಿ ಊಟ ಬಡಿಸುವ ಹಳೆಯ ಪದ್ಧತಿಯನ್ನು ಹೋಟೆಲಾದ ಮೇಲೂ ಅಲ್ಲಿ ನಡೆಸಿಕೊಂಡು ಬಂದರು.