ಕಲ್ಲುಕಟ್ಟಿಗೆ ಸಿಮೆಂಟ್ ಬೇಡ ಅಂದ್ರೆ ಬೇಡ

ನಮಸ್ಕಾರ. ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾರ್, ಮನೆ ಹಿಂದಿನ ಧರೆಗೆ (ಕಡಿದ ಮಣ್ಣಿನ ದಿಬ್ಬಕ್ಕೆ) ಕಲ್ಲು ಕಟ್ಟುವಾಗ ಸಂದಿಗೆ ಎರಡು ಚೀಲ ಸಿಮೆಂಟ್ ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ನನ್ನ ಗಂಟು ಹೋಗಲ್ಲ ಸ್ವಾಮಿ, ನಿಮ್ಮ ಗೋಡೆ ಹೋಗುತ್ತೆ.

ಮಲೆನಾಡಿನ ಮಳೆ ಗೊತ್ತಲ್ಲ? ಮೂರಡಿ ಗೋಡೆಯ ಬೆನ್ನಿಗೆ ತುದಿವರೆಗೆ ನೀರು ನಿಂತರೆ, ಒಂದೊಂದು ಮೀಟರ್ ಉದ್ದಕ್ಕೂ ನೀರೇ 400 ಕಿಲೋ ಮೇಲೆ ದೂಡುತ್ತೆ. ಮಣ್ಣಿನ ಲೆಕ್ಕ ಬೇರೆ. ಒಣಕಲ್ಲಿನ ಗೋಡೆಯಲ್ಲಿ, ಅಂದ್ರೆ ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆಯಲ್ಲಿ, ಆ ನೀರು ಸಂದುಸಂದಲ್ಲೂ ಜಿನುಗಿ ಹೋಗುತ್ತೆ. ಅದೇ ಸಂದಿಗೆ ಗಾರೆ ಮೆತ್ತಿದ್ರೆ ನೀವು ಕಟ್ಟಿದ್ದು ತೂಬಿಲ್ಲದ ಅಣೆಕಟ್ಟು. ಸಿಮೆಂಟ್ ಬೇಡ.

"ಮತ್ತೆ ಕಲ್ಲನ್ನ ಹಿಡಿಯೋದು ಏನು?" ಅದರ ಭಾರ, ನಿಮ್ಮ ಜೋಡಣೆ. ಮೂರಡಿ ಎತ್ತರಕ್ಕೆ ಬುಡ ಒಂದೂವರೆ ಅಡಿ ದಪ್ಪ, ತಲೆ ಒಂದಡಿ ದಪ್ಪ. ಅಂದ್ರೆ ಹೊರಮೈ ಅಡಿಗೆ ಎರಡು ಇಂಚಿನಂತೆ ಧರೆ ಕಡೆಗೆ ವಾಲಬೇಕು. ಮೇಲ್ಮಣ್ಣು ತೆಗೆದು ಗಟ್ಟಿನೆಲ ಸಿಗೋ ತನಕ, ಕನಿಷ್ಠ ಅರ್ಧ ಅಡಿ ಅಗೆದು, ಅತಿ ದೊಡ್ಡ ಕಲ್ಲುಗಳನ್ನ ಅಲ್ಲೇ ಕೂರಿಸಿ. ಹತ್ತಡಿ ಉದ್ದಕ್ಕೆ ಎರಡು ಟನ್ ಮೇಲೇ ಕಲ್ಲು ಬೇಕು. ಹೊಳೆಗುಂಡು ತರಬೇಡಿ, ಉರುಳುತ್ತೆ.

ಕಲ್ಲಿನ ಉದ್ದ ಧರೆ ಒಳಕ್ಕೆ ಹೋಗಬೇಕು. ಚಂದ ಕಾಣಲಿ ಅಂತ ಅಗಲದ ಮುಖ ಹೊರಗಿಟ್ಟು, ಕಪಾಟಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ನಿಲ್ಲಿಸಿದ್ರೆ ಗೋಡೆಗೆ ಹೊಟ್ಟೆ ಬರುತ್ತೆ. ಕೆಳಗಿನ ಸಂದಿನ ಮೇಲೆ ಮೇಲಿನ ಕಲ್ಲಿನ ನಡು ಕೂರಬೇಕು. ಒಂದೂವರೆ ಅಡಿ ಎತ್ತರಕ್ಕೆ ಬಂದಾಗ ಮೂರಡಿಗೊಂದು, ಗೋಡೆಯ ಪೂರ್ತಿ ದಪ್ಪ ಹಾಯೋ ಉದ್ದಗಲ್ಲು. ಪ್ರತಿ ಕಲ್ಲಿನ ಮೇಲೂ ಅಂಗೈ ಊರಿ ಅಲ್ಲಾಡಿಸಿ ನೋಡಿ. ಟಕ್ ಟಕ್ ಅಂದ್ರೆ ಹಿಂದಿನಿಂದ ಕಲ್ಲಿನ ಚಕ್ಕೆ ಒತ್ತಿ. ಮುಂದಿನಿಂದ ಒತ್ತಿದ ಚಕ್ಕೆ ಇವತ್ತಲ್ಲ ನಾಳೆ ಉದುರುತ್ತೆ. ಒಳಗಿನ ಟೊಳ್ಳಿಗೆ ಮಣ್ಣು ತುಂಬಬೇಡಿ. ಮಳೆಗೆ ಅದು ತೊಳೆದುಹೋಗಿ ಕಲ್ಲು ಕುಸಿಯುತ್ತೆ. ಚೂರುಗಲ್ಲನ್ನ ಕೈಯಲ್ಲೇ ಬಿಗಿಯಾಗಿ ತುಂಬಿ. ಗೋಡೆಯ ಬೆನ್ನಿಗೆ ಒಂದಡಿ ದಪ್ಪ 40 ಎಂಎಂ ಜಲ್ಲಿ, ಆಮೇಲೆ ಮಣ್ಣು.

ಇಷ್ಟರಲ್ಲಿ ಸಿಮೆಂಟ್ ಎಲ್ಲಿ ಬಂತು? ಬರಲಿಲ್ಲ. ಯಾಕಂದ್ರೆ ಬೇಡ.

ಅಂದಹಾಗೆ, ಸಬ್‌ಸ್ಕ್ರೈಬ್ ಒತ್ತಿ. ಗಾರೆಪ್ರಿಯರೂ ಒತ್ತಬಹುದು, ದ್ವೇಷ ಇಲ್ಲ.

"ಗಾರೆ ಗೋಡೆಯಲ್ಲಿ ನೀರು ಹೋಗೋಕೆ ಪೈಪ್ ಇಡ್ತೀವಲ್ಲ" ಅಂತೀರಿ. ಹಿಂದೆ ಜಲ್ಲಿ ಇಲ್ಲದೆ ಪೈಪ್ ಇಟ್ಟರೆ ಮಣ್ಣು ಕಟ್ಟಿಕೊಳ್ಳುತ್ತೆ, ಆಮೇಲೆ ಅದು ಇರುವೆಗಳ ಛತ್ರ. "ಎಂಟಡಿ ಎತ್ತರ ಬೇಕು" ಅಂತೀರಿ. ನಾಲ್ಕಡಿ ದಾಟಿದ್ರೆ ಎಂಜಿನಿಯರ್ ಕರೀರಿ, ಇಲ್ಲಾ ಅಗಲ ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಮೂರಡಿಯವು ಕಟ್ಟಿ. ಕರಿಬೇವಿಗೂ ಬದನೆಗೂ ಜಾಗ ಆಯ್ತು. "ಒಣಗೋಡೆ ಹಳೇ ಕಾಲದ್ದು" ಅಂತೀರಿ. 2018ರಲ್ಲಿ ಯುನೆಸ್ಕೊ ಕ್ರೊಯೇಷಿಯಾ, ಗ್ರೀಸ್, ಇಟಲಿ ಸೇರಿ ಎಂಟು ದೇಶಗಳ ಒಣಕಲ್ಲು ವಿದ್ಯೆಯನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾರೆ ಮೆತ್ತೋ ವಿದ್ಯೆಯನ್ನ ಯಾವ ಪಟ್ಟಿಗೆ ಸೇರಿಸೋಣ, ಹೇಳಿ?

ಒಣಗೋಡೆ ಉಬ್ಬಿದ್ರೆ ಅಷ್ಟು ಜಾಗ ಬಿಚ್ಚಿ ಅದೇ ಕಲ್ಲಲ್ಲಿ ಮತ್ತೆ ಕಟ್ಟಬಹುದು. ಗಾರೆಯದ್ದು? ಹೋಗೋವಾಗ ಕುಟುಂಬ ಸಮೇತ ಹೋಗುತ್ತೆ.

ಇನ್ನೂ "ಸ್ವಲ್ಪವೇ ಸ್ವಲ್ಪ, ತಲೆಗಲ್ಲಿಗೆ ಮಾತ್ರ" ಅನ್ನೋರಿದ್ದೀರಿ. ಬೇಡ. ಒಂದು ಬಾಣಲಿ? ಬೇಡ. ಆಗಲೇ ತಂದಾಗಿದೆಯಾ? ಚೀಲ ಕೊಟ್ಟು ಬನ್ನಿ, ಅಂಗಡಿಯವನು ವಾಪಸ್ ತಗೊಳ್ಳದಿದ್ರೆ ಪಕ್ಕದ ಮನೆಯವರಿಗೆ ಮಾರಿ. ಆದ್ರೆ ಅವರೂ ಧರೆಗೆ ಕಲ್ಲು ಕಟ್ತಾ ಇದ್ರೆ ಈ ವಿಡಿಯೋ ಲಿಂಕ್ ಮೊದಲು ಕಳಿಸಿ, ದುಡ್ಡು ಆಮೇಲೆ ಕೇಳಿ.