ಹಂಗೇರಿಯನ್ ಮಾತಿಗೊಬ್ಬ ಫ್ರೆಂಚ್ ದುಭಾಷಿ

ಕೇಳುಗರಿಗೆ ನಮಸ್ಕಾರ.

ಬುಡಾಪೆಸ್ಟಿನ ಸಮಾಜಶಾಸ್ತ್ರಜ್ಞರೊಬ್ಬರು ಪ್ಯಾರಿಸ್ಸಿನಲ್ಲಿ ಉಪನ್ಯಾಸ ಕೊಡುತ್ತಾರೆ ಅಂದುಕೊಳ್ಳಿ. ಅವರು ಮಾತಾಡುವುದು ಹಂಗೇರಿಯನ್. ಕೂತು ಕೇಳುವವರಿಗೆ ಬರುವುದು ಫ್ರೆಂಚ್. ನಡುವೆ ಒಬ್ಬ ದುಭಾಷಿ ಬೇಕು. ಎರಡೂ ಭಾಷೆ ಬಂದರೆ ಆಯ್ತಲ್ವಾ ಅನ್ನಿಸಬಹುದು. ಸಮಾಜ ವಿಜ್ಞಾನಕ್ಕೆ ಅಷ್ಟು ಸಾಲುವುದಿಲ್ಲ.

ಯಾಕೆ ಅಂತೀರಾ? ಹಂಗೇರಿಯನ್ನಿನಲ್ಲಿ ‘ನೆಮ್ಜೆತಿಶೇಗ್’ ಅಂತ ಒಂದು ಪದವಿದೆ. ಅವಸರದಲ್ಲಿ ಅದಕ್ಕೆ ಫ್ರೆಂಚಿನ ‘ನಾಸಿಯೊನಾಲಿತೆ’ ಅಂದುಬಿಡುವುದು ಸುಲಭ. ಆದರೆ ಇವತ್ತಿನ ಫ್ರೆಂಚಿನಲ್ಲಿ ಅದನ್ನು ಕೇಳಿದವರಿಗೆ ಮೊದಲು ನೆನಪಾಗುವುದು ಪೌರತ್ವ, ಅಂದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು. ಹಂಗೇರಿಯಲ್ಲಿ ಆ ಮಾತು ಸಲ್ಲುವುದು ದೇಶದೊಳಗಿನ ಅಲ್ಪಸಂಖ್ಯಾತ ಸಮುದಾಯಗಳಿಗೆ. 2011ರ ಕಾಯ್ದೆ ಅಂಥ 13 ಸಮುದಾಯಗಳನ್ನು ಗುರುತಿಸಿದೆ. ರೋಮಾ, ಜರ್ಮನ್, ಸ್ಲೊವಾಕ್ ಜನ ಅದರಲ್ಲಿದ್ದಾರೆ. ಇವರೆಲ್ಲ ಹಂಗೇರಿಯ ಪ್ರಜೆಗಳೇ. ದುಭಾಷಿ ಇಲ್ಲಿ ಎಡವಿದರೆ, ಸ್ವಂತ ನಾಡಿನಲ್ಲೇ ಹುಟ್ಟಿ ಬೆಳೆದ ರೋಮಾ ಹುಡುಗ ಪ್ಯಾರಿಸ್ಸಿನ ಕೇಳುಗರ ಕಿವಿಗೆ ಪರದೇಶಿಯಾಗಿಬಿಡುತ್ತಾನೆ. ಉಪನ್ಯಾಸದ ವಾದವೇ ತಲೆಕೆಳಗು.

ಹಾಗಾದರೆ ಎಲ್ಲಿ ಹುಡುಕುವುದು? ಸಮ್ಮೇಳನ ದುಭಾಷಿಗಳ ಅಂತರರಾಷ್ಟ್ರೀಯ ಸಂಘವೊಂದಿದೆ, ‘ಐಕ್’ ಅಂತ. 1953ರಲ್ಲಿ ಶುರುವಾದದ್ದು. ಅದರ ಸದಸ್ಯರ ಪಟ್ಟಿಯಲ್ಲಿ ಪ್ರತಿಯೊಬ್ಬರ ಭಾಷೆಗಳ ಮುಂದೆ ಎ, ಬಿ, ಸಿ ಅಂತ ಇರುತ್ತದೆ. ಎ ಅಂದರೆ ತಾಯ್ನುಡಿಯಷ್ಟು ಹಿಡಿತ. ಬಿ ಅಂದರೆ ತಾಯ್ನುಡಿಯಲ್ಲ, ಆದರೂ ಆ ಭಾಷೆಗೆ ಅನುವಾದಿಸಿ ಹೇಳಬಲ್ಲರು. ಸಿ ಅಂದರೆ ಪೂರ್ತಿ ಅರ್ಥವಾಗುತ್ತದೆ, ಆದರೆ ಆ ಭಾಷೆಗೆ ಅನುವಾದಿಸಿ ಹೇಳುವುದಿಲ್ಲ. ನಮಗೆ ಬೇಕಾದವರು ಫ್ರೆಂಚ್ ಎ ಅಥವಾ ಗಟ್ಟಿ ಬಿ ಇರುವವರು. ಹಂಗೇರಿ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೆ, ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸಿನಲ್ಲೂ ಈ ಜೋಡಿ ಭಾಷೆಯವರು ಸಿಗುತ್ತಾರೆ. ಪ್ಯಾರಿಸ್ಸಿನಲ್ಲಿ ‘ಇನಾಲ್ಕೊ’ ಅನ್ನುವ ಭಾಷಾ ಸಂಸ್ಥೆಯಿದೆ, ಅಲ್ಲಿ ಹಂಗೇರಿಯನ್ ಕಲಿಸುತ್ತಾರೆ. ಅಲ್ಲೂ ವಿಚಾರಿಸಬಹುದು. ಕೋರ್ಟಿನ ಪಟ್ಟಿಯಲ್ಲಿರುವ ಪ್ರಮಾಣಿತ ಅನುವಾದಕರು ಜನನ ಪತ್ರಕ್ಕೆ, ವಿಚಾರಣೆಗೆ ಸರಿ. ಉಪನ್ಯಾಸದ ಕೆಲಸವೇ ಬೇರೆ.

ಹತ್ತು ಹದಿನೈದು ಜನರ ಗೋಷ್ಠಿಯಾದರೆ, ಎರಡೂ ಭಾಷೆ ಬಲ್ಲ ಸಂಶೋಧಕರೇ ವಾಸಿ ಅಂತ ನನ್ನ ಅಭಿಪ್ರಾಯ. ಮಾತು ನಿಲ್ಲಿಸಿ ನಿಲ್ಲಿಸಿ ಅನುವಾದ ಮಾಡಿದರಾಯ್ತು. ದೊಡ್ಡ ಸಭೆಯಲ್ಲಿ, ಬೂತಿನಲ್ಲಿ, ಅಂದರೆ ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂತು ಕೇಳುತ್ತಲೇ ಹೇಳುವುದಕ್ಕೆ ತರಬೇತಾದ ದುಭಾಷಿಯೇ ಬೇಕು. ಒಬ್ಬರಲ್ಲ, ಇಬ್ಬರು. ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಾಗಲೇಬೇಕು, ತಲೆ ಅಷ್ಟು ದಣಿಯುತ್ತದೆ.

ದುಡ್ಡು ಉಳಿಸಲು ಕೆಲವರು ರಿಲೇ ಹಿಡಿಯುತ್ತಾರೆ. ಹಂಗೇರಿಯನ್ನಿನಿಂದ ಇಂಗ್ಲಿಷಿಗೆ ಒಬ್ಬರು, ಇಂಗ್ಲಿಷಿನಿಂದ ಫ್ರೆಂಚಿಗೆ ಇನ್ನೊಬ್ಬರು. ಮೊದಲನೆಯವರು ತಪ್ಪಿದರೆ ಎರಡನೆಯವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ನೇರವಾಗಿ ಮಾಡುವವರು ಸಿಕ್ಕರೆ ದಯವಿಟ್ಟು ಅವರನ್ನೇ ಕರೆಯಿರಿ.

ಆಮೇಲೆ ಭಾಷಣದ ಪ್ರತಿ. ಇದನ್ನು ವಾರ ಮುಂಚೆಯೇ ಕಳಿಸಿ. ಜನರ ಹೆಸರು, ಊರಿನ ಹೆಸರು, ಅಂಕಿ, ಕಾಯ್ದೆ ಎಲ್ಲ ಸೇರಿಸಿ. ಉಪನ್ಯಾಸಕರ ಜೊತೆ ದುಭಾಷಿ ಒಂದರ್ಧ ಗಂಟೆ ಫೋನಿನಲ್ಲಿ ಮಾತಾಡಲಿ. ಆ ತಯಾರಿಗೂ ಸಂಭಾವನೆ ಕೊಡಿ, ಅದೂ ಕೆಲಸವೇ. ಬರೆದದ್ದನ್ನು ಗಡಗಡ ಓದಬೇಡಿ ಅಂತ ಉಪನ್ಯಾಸಕರಿಗೂ ಹೇಳಿ. ಹಿಂದಿನ ರಾತ್ರಿ ಅವರು ಎರಡು ಪುಟ ತಿದ್ದಿದರೆ, ಆ ಎರಡು ಪುಟವೂ ಬೆಳಗ್ಗೆ ಬೂತಿಗೆ ತಲುಪಬೇಕು.